ರಕ್ತಕ್ಕೆ ಹೆಸರು ಗೊತ್ತಿಲ್ಲ

ಗಾದಿಯ ನಟ್ಟನಡುವಿಗೆ ಬರುವಷ್ಟರಲ್ಲಿ ಮಕ್ತುಂಬಿಯ ಕೈ ನಿಂತಿತು. ಈ ತುದಿಯಿಂದ ಅವಳು ಹಾಕಿಕೊಂಡು ಬಂದ ಹೊಲಿಗೆಯ ಸಾಲು, ಆ ತುದಿಯಿಂದ ಗಂಡ ಗುಲಾಮಹುಸೇನ ಹಾಕಿಕೊಂಡು ಬಂದ ಸಾಲು, ಎರಡೂ ಕೂಡಬೇಕಾದಲ್ಲಿ ಕೂಡದೆ ಅಂಗೈ ಅಗಲ ದೂರ ನಿಂತಿದ್ದವು.

"ಬಿಚ್ಚಬೇಕ್ರಿ ಇದನ್ನ," ಅಂದಳು.

"ಇರ್ಲಿ ಬಿಡು. ಮ್ಯಾಲೆ ಬಟ್ಟಿ ಹಾಸ್ತಾರ. ಯಾರು ನೋಡ್ತಾರ?"

"ಮದುವಿ ಗಾದಿ ಇದು. ಪಂಪಮ್ಮ ನೋಡ್ತಾಳ."

ಕೊಟ್ಟೂರಿನ ಅವರ ಓಣಿಯಲ್ಲಿ ಗಾದಿ ಹೊಲಿಯುವುದು ಒಬ್ಬರ ಕೆಲಸವಾಗಿರಲಿಲ್ಲ. ಹತ್ತಿ ಹಿಂಜಿ, ಪಟ್ಟಿಪಟ್ಟಿ ಬಟ್ಟೆಯಲ್ಲಿ ತುಂಬಿ, ಗಂಡ ಹೆಂಡತಿ ಎದುರುಬದುರು ಕೂರಬೇಕು. ಇರುವುದು ಒಂದೇ ದಬ್ಬಣ. ಅವನು ಚುಚ್ಚಿ ಕೊಟ್ಟದ್ದನ್ನು ಇವಳು ಎಳೆದುಕೊಂಡು ಮರಳಿ ಚುಚ್ಚಬೇಕು. ಹಾಗೆ ಕೈಯಿಂದ ಕೈಗೆ ಓಡಾಡಿದರೇ ಸಾಲು ನೆಟ್ಟಗೆ ಬರುವುದು. ಮದುವೆಯ ಗಾದಿಯಾದರಂತೂ ಗಿರಾಕಿಗಳೇ ಕೇಳಿ ಹಾಗೆ ಹೊಲಿಸುತ್ತಿದ್ದರು. ಗಂಡ ಹೆಂಡತಿ ಕೂಡಿ ಹೊಲಿದ ಗಾದಿಯ ಮೇಲೆ ಜಗಳ ಬಹಳ ಹೊತ್ತು ನಿಲ್ಲುವುದಿಲ್ಲವಂತೆ.

ಮುಂಗಾರು ಕಳೆದ ಮೇಲೆ ಗುಲಾಮಹುಸೇನ ಪೇಟೆಯಿಂದ ಇನ್ನೊಂದು ದಬ್ಬಣ ತಂದಿದ್ದ. "ಇದು ನಿಂದು, ಇದು ನಂದು. ನಂದನ್ನ ಮುಟ್ಟಬ್ಯಾಡ," ಅಂದಿದ್ದ. ಆಮೇಲೆ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು, ಹಾಸಿಗೆ ಅಂಗಡಿಗೆ ಹೋಯಿತು. ಮಗಳು ಅಫ್ರೀನ್ ತೊಡೆ ಏರಲು ಬಂದರೆ ಏನೋ ಕೆಲಸ ನೆನಪಾದವನಂತೆ ಎದ್ದುಬಿಡುತ್ತಿದ್ದ. ಬೆಳಿಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದ. ದಿನವಿಡೀ ಕುತ್ತಿಗೆಯ ಎರಡೂ ಬದಿ ಬೆರಳಿನಿಂದ ಒತ್ತಿ ಒತ್ತಿ ಹುಡುಕುತ್ತಿದ್ದ. ಏನು ಹುಡುಕುತ್ತಿದ್ದಾನೆಂದು ಕೇಳಿದರೆ ಸಿಡುಕುತ್ತಿದ್ದ. ಅಂಗಿಯ ಭುಜಗಳು ಜೋತುಬಿದ್ದಿದ್ದವು. ಟಿ.ಬಿ. ಇರಬಹುದೇ ಅಂದುಕೊಂಡಳು ಮಕ್ತುಂಬಿ. ಯಾರಾದರೂ ಮಾಟ ಮಾಡಿಸಿದರೇ ಅಂದುಕೊಂಡಳು. ಇನ್ನೊಂದು ಅನುಮಾನವೂ ಇತ್ತು, ಅದನ್ನು ಮಾತ್ರ ಮನಸ್ಸಿನಲ್ಲಿ ಪೂರಾ ಅಂದುಕೊಳ್ಳಲಿಲ್ಲ.

ತಪ್ಪಿದ ಸಾಲನ್ನು ಬಿಚ್ಚಲು ಅವಳು ಕೈ ಚಾಚಿದಳು. ಅವಳ ಕೈ ತನ್ನ ದಬ್ಬಣಕ್ಕೆ ತಾಗೀತೆಂದು ಗುಲಾಮಹುಸೇನ ಗಡಬಡಿಸಿ ಹಿಂದಕ್ಕೆ ಎಳೆದುಕೊಂಡ. ಮೊನೆ ಅವನ ಬೆರಳಿಗೇ ನಾಟಿತು. ಗಾದಿಯ ಬಿಳಿ ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿತ್ತು.

ಅಷ್ಟೇ. ಅವನು ಆ ಹನಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಎದ್ದು ಗಾದಿಯನ್ನು ದರದರ ಹಿತ್ತಲಿಗೆ ಎಳೆದುಕೊಂಡು ಹೋದ. ಮಕ್ತುಂಬಿ ಹಿಂದೆ ಓಡುವಷ್ಟರಲ್ಲಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿಯಾಗಿತ್ತು.

ಹೊಸ ಹತ್ತಿ. ನೋಡನೋಡುತ್ತ ಹೊತ್ತಿಕೊಂಡಿತು. ಹೊಗೆ ಕಂಡು ಪಕ್ಕದ ಖಾನಾವಳಿಯ ಪಂಪಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದಳು. ಮುಂದಿನ ತಿಂಗಳು ಮಗಳ ಮದುವೆ ಇಟ್ಟುಕೊಂಡವಳು ಅವಳೇ.

"ಯವ್ವಾ, ಅದು ನನ್ನ ಮಗಳ ಗಾದಿ ಅಲ್ಲೇನ?"

ಪಂಪಮ್ಮ ಉರಿಯುವುದನ್ನೂ ನೋಡಿದಳು, ಬೆರಳನ್ನು ಬಾಯಿಗೂ ಹಾಕದೆ, ಒರೆಸಿಕೊಳ್ಳಲೂ ಹೆದರಿ, ಮೈಯಿಂದ ದೂರ ಚಾಚಿ ನಿಂತಿದ್ದ ಗುಲಾಮಹುಸೇನನನ್ನೂ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡಳು. ಮಕ್ತುಂಬಿಯನ್ನು ಒಂದು ಬದಿಗೆ ಕರೆದಳು.

"ನಿನ್ನ ಗಂಡಗ ಏನಾಗೇತೋ ನನಗ ಬ್ಯಾಡ. ಆದ್ರ ಮನುಷ್ಯಾ ಭಾಳ ಹೆದರ್ಯಾನ. ಕೂಡ್ಲಿಗಿ ಸರಕಾರಿ ದವಾಖಾನ್ಯಾಗ ಪುಷ್ಪಲತಾ ಅಂತ ಒಬ್ಬಾಕಿ ಅದಾಳ. ನಮ್ಮ ಸಂಘಕ್ಕ ಬಂದು ರಕ್ತದ ಪರೀಕ್ಷಿ, ಏಡ್ಸ್ ಗೀಡ್ಸ್ ಎಲ್ಲಾ ಬಿಡಿಸಿ ಹೇಳಿದ್ಲು. ಹೊಟ್ಟ್ಯಾಗ ಹಾಕ್ಕೊಂಡದ್ದನ್ನ ಹೊರಗ ಬಿಡಾಕಿ ಅಲ್ಲ. ಕರಕೊಂಡು ಹೋಗು."

"ನಿನ್ನ ಗಾದಿ, ಅಕ್ಕಾ?"

"ಇನ್ನೊಂದು ಹೊಲಿತೀರಿ. ಸುಟ್ಟದ್ದು ಗಾದಿ ಅಷ್ಟ. ಮನಿ ಅಲ್ಲ."

ಪಂಪಮ್ಮ ಹೋದ ಮೇಲೆ, ಹತ್ತಿಯ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಗುಲಾಮಹುಸೇನ ಬಾಯಿ ಬಿಟ್ಟ. ಹೆಂಡತಿಯ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಮುಂಗಾರಿ ಸುರುವಿನ್ಯಾಗ ಹತ್ತಿ ತರಾಕ ಲಾರಿಯಾಗ ಹೋಗಿದ್ನೆಲ್ಲ. ಡ್ರೈವರ್ ಉಜ್ಜಿನಪ್ಪ ಹೈವೇ ಮ್ಯಾಲೆ ಒಂದು ಧಾಬಾದ ಮುಂದ ನಿಲ್ಲಿಸಿದ. ಹಿಂದ ಖೋಲಿ ಇದ್ವು. ಅಲ್ಲಿ ಒಬ್ಬಾಕಿ ಇದ್ಲು. ಒಂದ ಸಲ, ಮಕ್ತುಂಬಿ. ನಾನು ಹೋಗಬಾರದಿತ್ತು. ಹೋದೆ. ನನಗ ಆ ರೋಗ ಬಂದೈತಿ. ನೀನು ಅಫ್ರೀನ್‌ನ ಕರಕೊಂಡು ತಂಬ್ರಹಳ್ಳಿಗೆ ನಿಮ್ಮ ತವರಿಗೆ ಹೋಗಿಬಿಡು. ನಿಮಗ ಹತ್ತೂಕಿಂತ ಮೊದಲ ನಾನೂ ಎಲ್ಲಿಗರ ಹೋಗ್ತೀನಿ."

ಮಕ್ತುಂಬಿಗೆ ಸಿಟ್ಟು ಬಂತು. ಆದರೆ ಅದಕ್ಕಿಂತ ಮುಂದೆ ಇನ್ನೊಂದು ಬಂದು ನಿಂತಿತ್ತು: ಈ ಮನುಷ್ಯ ಮನೆ ಬಿಟ್ಟು ಹೋಗಲು ಅಣಿಯಾಗಿದ್ದಾನೆ, ಹೋದರೆ ತಿರುಗಿ ಬರುವವನಲ್ಲ.

"ಬಂದೈತಿ ಅಂತ ಯಾರು ಹೇಳಿದ್ರು? ಪರೀಕ್ಷಿ ಮಾಡ್ಸೀರೇನು?"

"ಮಾಡ್ಸೀನಿ. ದಾವಣಗೆರ್ಯಾಗ ಮಾಡ್ಸಿದೆ. ಹೊಸಪೇಟ್ಯಾಗ ಮಾಡ್ಸಿದೆ. ಹೋದ ವಾರ ಮತ್ತ ಚಿತ್ರದುರ್ಗಕ್ಕ ಹೋಗಿದ್ದೆ."

"ಏನಂದ್ರು?"

"ಎಲ್ಲಾ ಕಡಿ ಇಲ್ಲ ಅಂದ್ರು."

"ಇಲ್ಲ ಅಂದ್ರ ಮತ್ತೇನ್ರಿ?"

"ನಾನು ಹೆಸರು ಬ್ಯಾರೆ ಕೊಟ್ಟಿದ್ದೆ. ನಾಚಿಕಿಗೆ ಓಬಳೇಶ ಅಂತ ಬರೆಸಿದ್ದೆ. ಓಬಳೇಶಗ ಇಲ್ಲ ಅಂತ ಬಂತು. ಗುಲಾಮಹುಸೇನಗ ಇಲ್ಲ ಅಂತ ಯಾರು ಹೇಳ್ಯಾರ? ನಮ್ಮ ಅಂಗಡ್ಯಾಗ ಹೆಸರು ತಪ್ಪಿದ್ರ ಗಾದಿ ಬ್ಯಾರೆಯವರ ಮನಿಗೆ ಹೋಗೂದಿಲ್ಲೇನು? ಹಂಗ."

ಅವನು ತಮಾಷೆ ಮಾಡುತ್ತಿರಲಿಲ್ಲ. ಲೆಕ್ಕ, ಅಳತೆ, ಮಾತು ಯಾವುದರಲ್ಲೂ ಮೋಸ ಹೋಗದ ಮನುಷ್ಯ. ಇಡೀ ಹೋಬಳಿಯ ಹತ್ತಿಯನ್ನು ಮುಟ್ಟಿಯೇ ಯಾವ ಹೊಲದ್ದೆಂದು ಹೇಳುತ್ತಿದ್ದವನು. ಹೆದರಿಕೆ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ಮಕ್ತುಂಬಿ ಬೆರಗಾಗಿ ನೋಡುತ್ತ ನಿಂತಳು.

"ನಾಳೆ ಕೂಡ್ಲಿಗಿಗೆ ಹೋಗೋಣ," ಅಂದಳು. "ಈ ಸಲ ನಿಮ್ಮ ಹೆಸರು ನಾನ ಹೇಳ್ತೀನಿ."

ಕೂಡ್ಲಿಗಿಯ ದವಾಖಾನೆಯಲ್ಲಿ ಆ ಕೋಣೆಗೆ ಆಪ್ತ ಸಮಾಲೋಚನಾ ಮತ್ತು ಪರೀಕ್ಷಾ ಕೇಂದ್ರ ಎಂದು ಬೋರ್ಡು ಹಾಕಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಎರಡು ಸಾವಿರದ ಏಳನೆಯ ಇಸವಿಯ ಮಾತು. ಒಳಗೆ ಒಂದು ಮೇಜು, ಕಿಟಕಿಗೆ ಹಸಿರು ಪರದೆ. ಪುಷ್ಪಲತಾ ಎದ್ದು ಬಾಗಿಲು ಹಾಕಿಕೊಂಡಳು.

"ಕೂಡ್ರಿ ಅಣ್ಣಾರ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಂಗಿಲ್ಲ. ನಿಮ್ಮ ಮನಿಯವರು ಒಳಗ ಇರ್ಲೋ, ಹೊರಗ ಕೂಡ್ಲೋ? ನೀವು ಹೆಂಗಂದ್ರ ಹಂಗ."

"ಇರ್ಲಿ. ಆಕಿ ಮುಂದ ಇನ್ನ ಮುಚ್ಚಾಕ ಏನೈತಿ?"

ಪುಷ್ಪಲತಾ ಮಕ್ತುಂಬಿಯ ಕಡೆ ತಿರುಗಿದಳು. "ನೀವು ಹೇಳ್ರಿ ಅಕ್ಕಾ. ಇದನ್ನ ಕೇಳಾಕ ನಿಮಗ ಮನಸೈತೇನು?"

ಮದುವೆಯಾದಾಗಿನಿಂದ ಯಾವ ವಿಷಯಕ್ಕೂ ಮಕ್ತುಂಬಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿದಳು.

ಆಮೇಲೆ ಪುಷ್ಪಲತಾ ಕೇಳಿದ ಪ್ರಶ್ನೆಗಳಿಗೆ ಮಕ್ತುಂಬಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕಾಗಿತ್ತು. ಮುಚ್ಚಿಕೊಳ್ಳಲಿಲ್ಲ. ಆ ಹೆಣ್ಣುಮಗಳು ಆ ಮಾತುಗಳನ್ನು ಸಂತೆಯಲ್ಲಿ ಬದನೆಕಾಯಿ ಬೆಲೆ ಕೇಳುವಷ್ಟು ಸಲೀಸಾಗಿ ಆಡುತ್ತಿದ್ದಳು.

"ನಿರೋಧ್ ಹಾಕಿದ್ರೇನು?"

"ಹೂಂ. ಉಜ್ಜಿನಪ್ಪ ಕೊಟ್ಟಿದ್ದ."

"ಸುರುವಿನಿಂದ ಕೊನಿತನಕ ಇತ್ತೇನು? ಹರಿದಿತ್ತೇನು?"

"ಇತ್ತು. ಹರಿದಿರಲಿಲ್ಲ."

"ಮತ್ತ ಹೆದರಿಕಿ ಯಾಕ?"

"ಬಾಯಿಗೆ ಬಾಯಿ ಕೊಟ್ಟಿದ್ದೆ. ಆಕಿ ಕೈ ಹಿಡಿದಿದ್ದೆ. ಆಕಿ ಲೋಟದಾಗ ನೀರು ಕುಡಿದಿದ್ದೆ."

"ಅದರಿಂದ ಎಚ್.ಐ.ವಿ. ಬರಂಗಿಲ್ಲ, ಅಣ್ಣಾರ. ಮುತ್ತು ಕೊಟ್ರ ಬರಂಗಿಲ್ಲ, ಮುಟ್ಟಿದ್ರ ಬರಂಗಿಲ್ಲ. ಒಂದ ತಟ್ಟ್ಯಾಗ ಉಂಡ್ರ, ಒಂದ ಗಾದಿ ಮ್ಯಾಲೆ ಮಲಗಿದ್ರ, ಸೊಳ್ಳಿ ಕಚ್ಚಿದ್ರ ಬರಂಗಿಲ್ಲ. ಬರೂದು ನಿರೋಧ್ ಇಲ್ಲದ ಸಂಬಂಧದಿಂದ, ಒಬ್ಬರಿಗೆ ಚುಚ್ಚಿದ ಇಂಜೆಕ್ಷನ್ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರ, ಪರೀಕ್ಷಿ ಮಾಡದ ರಕ್ತ ಏರಿಸಿದ್ರ, ಮತ್ತ ತಾಯಿಂದ ಕೂಸಿಗೆ. ನಿರೋಧ್ ಹರಿಯದ ಇತ್ತು ಅಂದ್ರ ನಿಮಗ ಬರೂ ಸಂಭವ ಭಾಳ ಭಾಳ ಕಮ್ಮಿ ಇತ್ತು. ಈಗ ಎಷ್ಟು ತಿಂಗಳಾತು?"

"ಐದು ಆಗಾಕ ಬಂತು."

"ಸೋಂಕು ತಗುಲಿದ್ರ ರಕ್ತದಾಗ ಕಾಣಾಕ ಮೂರು ತಿಂಗಳತನ ಹಿಡಿಬಹುದು. ಅದಕ್ಕ ಮೂರು ತಿಂಗಳು ದಾಟಿದ ಮ್ಯಾಲೆ ಮಾಡಿದ ಪರೀಕ್ಷಿ ಇಲ್ಲ ಅಂದ್ರ ಇಲ್ಲ. ನೀವು ದುರ್ಗದಾಗ ಮಾಡ್ಸಿದ್ದು ಹೋದ ವಾರ. ಮುಗೀತು."

"ಅದು ಓಬಳೇಶನ ಹೆಸರಿನ್ಯಾಗ ಐತ್ರಿ, ಮೇಡಂ."

ಪುಷ್ಪಲತಾ ನಗಲಿಲ್ಲ. "ಅಣ್ಣಾರ, ರಕ್ತಕ್ಕ ಹೆಸರು ಗೊತ್ತಿಲ್ಲ. ಹಿಂದೂ ಮುಸಲ್ಮಾನ ಗೊತ್ತಿಲ್ಲ, ಸುಳ್ಳು ಖರೇ ಗೊತ್ತಿಲ್ಲ. ನೀವು ಏನು ಬರೆಸಿದ್ರೂ ಅದು ನಿಮ್ಮ ತೋಳಿಂದನ ಬಂದದ್ದು."

"ನಾನು ಇಷ್ಟು ಸೊರಗಿದ್ದು? ಕುತ್ತಿಗಿ ಗಂಟು?"

ಅವಳು ಅವನ ಕುತ್ತಿಗೆಯ ಕಡೆ ಬಾಗಿ ನೋಡಿದಳು. ಚರ್ಮ ಕೆಂಪಾಗಿ ಕಂದಿತ್ತು. "ದಿನಾ ಇಷ್ಟು ಒತ್ತಿದ್ರ ಕಲ್ಲಿಗೂ ಬಾವು ಬರ್ತೈತಿ. ಉಣಲಿಲ್ಲ, ನಿದ್ದಿ ಮಾಡಲಿಲ್ಲ, ಸೊರಗಿದ್ರಿ. ಹೆದರಿಕೀನೂ ಒಂದು ರೋಗ. ಅದಕ್ಕೂ ಔಷಧ ಐತಿ, ಡಾಕ್ಟರು ಅದಾರ. ಆದ್ರ ಪರೀಕ್ಷಿ ಮ್ಯಾಲೆ ಪರೀಕ್ಷಿ ಮಾಡ್ಸೂದು ಅದರ ಔಷಧ ಅಲ್ಲ. ಬೆಂಕಿಗೆ ಹತ್ತಿ ಹಾಕಿದಂಗ ಅದು."

ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು.

"ನನ್ನ ಹೆಸರಿನ್ಯಾಗ ಒಂದ ಸಲ ಮಾಡ್ರಿ," ಅಂದ ಗುಲಾಮಹುಸೇನ. ಅವನ ದನಿ ಬೇಡುತ್ತಿತ್ತು.

"ಮಾಡ್ತೀನಿ. ಇಲ್ಲಿ ದುಡ್ಡಿಲ್ಲ, ಗುಟ್ಟೂ ಹೊರಗ ಹೋಗಂಗಿಲ್ಲ. ಆದ್ರ ನನ್ನದೂ ಒಂದು ಮಾತು. ಇದ ಕೊನೀದು. ಇನ್ನ ಊರೂರು ತಿರುಗಂಗಿಲ್ಲ. ಕುತ್ತಿಗಿ ಒತ್ತಂಗಿಲ್ಲ, ನಾಲಿಗಿ ನೋಡಂಗಿಲ್ಲ. ಹೆದರಿಕಿ ತಿರುಗಿ ಬಂದ್ರ ನನ್ನ ಹತ್ರ ಬರ್ರಿ, ಲ್ಯಾಬಿಗೆ ಹೋಗಬ್ಯಾಡ್ರಿ. ಒಪ್ಪಿಗೇನು?"

ಒಪ್ಪಿದ. ರಕ್ತ ಕೊಟ್ಟು ಇಬ್ಬರೂ ಹೊರಗೆ ಬೇವಿನ ಮರದ ಕೆಳಗಿನ ಬೆಂಚಿಗೆ ಬಂದರು.

ಬೆಂಚಿನ ಆ ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ ಹರಡಿಕೊಂಡು ಕೂತಿದ್ದಳು. ದುಂಡನೆಯ ಮುಖ, ಹಣೆಯಲ್ಲಿ ಕುಂಕುಮವಿಲ್ಲ, ಮುಡಿಯಲ್ಲಿ ಮಾತ್ರ ಒಂದೆಳೆ ಕನಕಾಂಬರ. "ತಗೊಳ್ರಿ," ಎಂದು ಪೇಪರನ್ನು ಇವರ ಕಡೆ ಸರಿಸಿದಳು. ಮಕ್ತುಂಬಿ ಒಂದು ಹಿಡಿ ತೆಗೆದುಕೊಂಡಳು. ಗುಲಾಮಹುಸೇನ ಕೈ ಹಿಂದಕ್ಕೆ ತೆಗೆದ.

"ನನ್ನ ಕೈ ಬ್ಯಾಡ್ರಿ. ನಿಮಗ ಏನರ ಆದೀತು."

"ಏನಾಗತೈತಪಾ?"

"ನನಗ ಆ ರೋಗ ಇರಬಹುದು."

ಅವಳು ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ತೋಳು ಅಲುಗಾಡುವಂತೆ ನಕ್ಕಳು. "ಇರಬಹುದು ಅನ್ನಾಂವ ನೀನು. ನನಗ ಐತಿ. ನನ್ನ ಮಗ ನಿಮ್ಮ ಅಫ್ರೀನ್‌ನಷ್ಟ ಇದ್ದಾಗಿಂದ ಐತಿ." ಅಫ್ರೀನ್ ಯಾರೆಂದು ಅವಳಿಗೆ ಹೇಗೆ ಗೊತ್ತು ಎಂದು ಮಕ್ತುಂಬಿ ಕಣ್ಣರಳಿಸಿದಳು. "ಒಳಗ ಹೋಗೂಮುಂದ ನೀನ ಅಂತಿದ್ದೆಲ್ಲವಾ, ನಮ್ಮ ಅಫ್ರೀನ್ ಸಾಲಿ ಬಿಡೂದರಾಗ ಮನಿ ಮುಟ್ಟಬೇಕು ಅಂತ. ನನಗ ಕನಕಮ್ಮ ಅಂತಾರ. ಹಡಗಲಿ ಕಡಿಯಾಕಿ. ಇಲ್ಲಿ ನನ್ನಂಥವರಿಗೆ ಗುಳಿಗಿ ಹೆಂಗ ನುಂಗಬೇಕು, ಹೆಂಗ ಉಣಬೇಕು ಅಂತ ಹೇಳಿಕೊಡ್ತೀನಿ."

ಮಕ್ತುಂಬಿ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಮರೆತಳು. ಆ ರೋಗ ಬಂದವರು ಹೇಗಿರುತ್ತಾರೆಂದು ಅವಳ ಮನಸ್ಸಿನಲ್ಲಿ ಒಂದು ಚಿತ್ರವಿತ್ತು. ಮೂಲೆ, ಕತ್ತಲೆ, ಎಲುಬು. ಈ ಹೆಣ್ಣುಮಗಳ ಕೆನ್ನೆಯ ಮೇಲೆ ಬಿಸಿಲು ಬಿದ್ದಿತ್ತು. ಅವಳ ಹಲ್ಲಿನಲ್ಲಿ ಕೊತ್ತಂಬರಿ ಸಿಕ್ಕಿಕೊಂಡಿತ್ತು. ಅವಳು ಉಗುರಿನಿಂದ ಅದನ್ನು ತೆಗೆದುಹಾಕಿದಳು.

"ಹೆದರಿಕಿ ಆಗಂಗಿಲ್ಲೇನ್ರಿ ನಿಮಗ?" ಕೇಳಿದ ಗುಲಾಮಹುಸೇನ.

"ಯಾಕಿಲ್ಲ? ನನ್ನ ಗಂಡ ಹೆದರೇ ಸತ್ತ. ರೋಗ ಇತ್ತು ಖರೆ. ಆದ್ರ ಯಾರಿಗರ ತಿಳಿದೀತು ಅಂತ ದವಾಖಾನಿ ಮೆಟ್ಟಲ ಹತ್ತಲಿಲ್ಲ. ಆಗ ಗುಳಿಗೀನೂ ಕೈಗೆ ಸಿಗತಿರಲಿಲ್ಲ. ಈಗ ಸರಕಾರದವರು ಪುಕ್ಕಟಿ ಕೊಡ್ತಾರ. ಹೊತ್ತಿಗೆ ಸರಿಯಾಗಿ ನುಂಗ್ತೀನಿ, ಕೂಲಿ ಮಾಡ್ತೀನಿ, ಮಗನ್ನ ಓದಿಸ್ತೀನಿ. ಬಂದೈತಿ ಅಂತ ಗೊತ್ತಾದಾಕಿ ನಗ್ತೀನಿ. ಬಂದಿಲ್ಲ ಅಂತ ಊರೆಲ್ಲ ಹೇಳಿದ್ರೂ ನೀನು ಅಳ್ತಿ. ತಿನ್ನು, ಮೆತ್ತಗಾಗತೈತಿ ಮಂಡಕ್ಕಿ."

ಗುಲಾಮಹುಸೇನ ಪೇಪರಿನ ಕಡೆ ನೋಡಿದ. ಅವಳ ಕೈ ಹೋಗಿಬಂದ ಅದೇ ರಾಶಿಗೆ ತನ್ನ ಕೈ ಹಾಕಿದ. ತಿಂಗಳುಗಳ ಮೇಲೆ ಅವನು ಇನ್ನೊಬ್ಬರ ಜೊತೆ ಒಂದೇ ಕಡೆ ತಿನ್ನುವುದನ್ನು ಮಕ್ತುಂಬಿ ನೋಡಿದಳು. ಅವಳಿಗೆ ಕಣ್ಣು ತುಂಬಿ ಬಂತು. ಗಂಡನಿಗಾಗಿ ಅಲ್ಲ. ಈ ಲೋಕದಲ್ಲಿ ಇಂಥ ಗಟ್ಟಿ ಹೆಂಗಸರಿದ್ದಾರೆ, ಬೇವಿನ ಮರದ ಕೆಳಗೆ ಮಂಡಕ್ಕಿ ತಿನ್ನುತ್ತ ಕೂತಿರುತ್ತಾರೆ, ತನಗೆ ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದು.

ಒಳಗೆ ಕರೆದರು.

"ಗುಲಾಮಹುಸೇನ ಅವರ," ಅಂದಳು ಪುಷ್ಪಲತಾ, ಹೆಸರನ್ನು ಬಿಡಿಸಿ ಬಿಡಿಸಿ. "ನಿಮಗ ಎಚ್.ಐ.ವಿ. ಇಲ್ಲ. ಓಬಳೇಶಗೂ ಇಲ್ಲ."

ಅವನು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡ. ಮಕ್ತುಂಬಿ ನೋಡುತ್ತಿದ್ದಳು. ನಿನ್ನೆ ಇದೇ ರಕ್ತದ ಒಂದು ಹನಿಗೆ ಹೆದರಿ ಇವನು ಗಾದಿ ಸುಟ್ಟಿದ್ದ, ಮನೆಯನ್ನೂ ಬಿಟ್ಟು ಹೊರಟಿದ್ದ. ಮೈಯಲ್ಲಿ ಏನೂ ಇರಲಿಲ್ಲ. ಬರೀ ಹೆದರಿಕೆಯೊಂದೇ ರೋಗದ ಎಲ್ಲ ವೇಷ ಹಾಕಿಕೊಂಡು ಅವನೊಳಗೆ ಕೂತು, ಅನ್ನ ತಿಂದು, ನಿದ್ದೆ ತಿಂದು, ಮಗಳ ಪಾಲಿನ ತೊಡೆಯನ್ನೂ ತಿಂದಿತ್ತು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೈ ಕುತ್ತಿಗೆಗೆ ಹೋಗುತ್ತಿತ್ತು. "ಅಪ್ಪಾ, ಕೈ ತಗಿ," ಎಂದು ಅಫ್ರೀನ್ ಗದರಿಸುತ್ತಿದ್ದಳು, ಯಾಕೆಂದು ಅವಳಿಗೆ ಗೊತ್ತಿರದಿದ್ದರೂ. ಅವನು ಮತ್ತೆ ಕೂಡ್ಲಿಗಿಗೆ ಹೋಗಿ ಪುಷ್ಪಲತಾಳ ಮುಂದೆ ಕೂತು ಮಾತಾಡಿ ಬಂದ. ಲ್ಯಾಬಿಗೆ ಹೋಗಲಿಲ್ಲ. ಪಂಪಮ್ಮನ ಮಗಳ ಗಾದಿ ಮದುವೆಗೆ ಮೊದಲೇ ಮುಟ್ಟಿತು. "ಈ ಸಲ ಸುಡಬಾರದಂತ ಕಡ್ಡಿಪೆಟ್ಟಿಗಿ ನಾನ ಮುಚ್ಚಿಟ್ಟಿದ್ದೆ," ಎಂದು ಪಂಪಮ್ಮ ಮಂದಿಯೆಲ್ಲ ಕೇಳುವಂತೆ ನಕ್ಕಳು. ಯಾಕೆ ಸುಟ್ಟನೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಹತ್ತಿಯ ಲಾರಿ ಬಂದ ದಿನ ಗುಲಾಮಹುಸೇನ ಉಜ್ಜಿನಪ್ಪನನ್ನು ಚಹದಂಗಡಿಯ ಹಿಂದೆ ಕರೆದೊಯ್ದು ಬಹಳ ಹೊತ್ತು ಮಾತಾಡಿದ. ಮುಂದಿನ ವಾರ ಉಜ್ಜಿನಪ್ಪನೂ ಕೂಡ್ಲಿಗಿ ಬಸ್ಸು ಹತ್ತಿದ.

ಇದನ್ನು ಓದುತ್ತಿರುವ ಅಣ್ಣ, ಇದನ್ನು ಓದಿಸಿ ಕೇಳುತ್ತಿರುವ ಅಕ್ಕ, ನಿಮ್ಮ ಮನೆಯಲ್ಲೂ ಯಾರಾದರೂ ತಟ್ಟೆ ಬೇರೆ ಮಾಡಿಕೊಂಡು ಕೂತಿರಬಹುದು. ಬೈದು ಓಡಿಸಬೇಡಿ, ಕೈ ಹಿಡಿದು ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆಗೆ ಹಣ ಬೇಡ, ಹೆಸರು ಹೊರಗೆ ಹೋಗುವುದಿಲ್ಲ. ಮೂರು ತಿಂಗಳು ದಾಟಿದ ಮೇಲೆ ಇಲ್ಲ ಎಂದು ಬಂದರೆ ನಂಬಿ, ಹಗುರವಾಗಿ ಬದುಕಿ. ಹೆದರಿಕೆ ಬಿಡದಿದ್ದರೆ ಅದಕ್ಕೂ ಡಾಕ್ಟರ ಹತ್ತಿರ ಹೋಗಿ, ನಾಚಬೇಡಿ. ಇದೆ ಎಂದು ಬಂದರೂ ಬದುಕು ಮುಗಿಯುವುದಿಲ್ಲ, ಗುಳಿಗೆ ಇದೆ, ಕನಕಮ್ಮನಂಥವರು ಇದ್ದಾರೆ. ಅವರು ಕೊಟ್ಟ ಮಂಡಕ್ಕಿಯನ್ನು ತಿನ್ನಿ. ನಿರೋಧ್ ಎಂಬ ಮಾತನ್ನು ಮನೆಯೊಳಗೆ ಆಡಲು ಕಲಿಯಿರಿ. ಮಾತಾಡದೆ ಸತ್ತವರು ಬಹಳ ಮಂದಿ, ಮಾತಾಡಿ ಸತ್ತವರಿಲ್ಲ.

ಪಂಪಮ್ಮನ ಮಗಳ ಮದುವೆ ಮುಗಿದ ವಾರ, ಒಂದು ಸಂಜೆ, ಗುಲಾಮಹುಸೇನ ಅಂಗಡಿಯಿಂದ ತನ್ನ ಹಾಸಿಗೆ ಸುತ್ತಿಕೊಂಡು ಒಳಗೆ ತಂದ. ಮಕ್ತುಂಬಿಯನ್ನು ಕೇಳಲಿಲ್ಲ. ಹೆಂಡತಿಯ ಹಾಸಿಗೆಯ ಪಕ್ಕ ಹಾಸಿ, ಮೂಲೆಗಳನ್ನು ಸರಿಮಾಡಿದ. ಆಮೇಲೆ ಕೈಕಾಲು ತೊಳೆಯಲು ಹೋದ.

ಮಕ್ತುಂಬಿ ರೊಟ್ಟಿಯ ಹಂಚನ್ನು ಇಳಿಸಿ ಬಂದಳು. ಅವನಿಗೆ ರೋಗವಿಲ್ಲವೆಂದು ಅವಳಿಗೂ ನಂಬಿಕೆಯಾಗಿತ್ತು. ಅವನ ತಟ್ಟೆಯಲ್ಲಿ ಉಂಡಿದ್ದಳು, ಅವನ ಲೋಟದಲ್ಲಿ ಕುಡಿದಿದ್ದಳು, ಹೆದರಿಕೆ ಇರಲಿಲ್ಲ. ಧಾಬಾದ ಹಿಂದಿನ ಆ ಖೋಲಿ ಮಾತ್ರ ಅವಳೊಳಗೆ ಇನ್ನೂ ಬಾಗಿಲು ತೆರೆದುಕೊಂಡೇ ಇತ್ತು. ಅದನ್ನು ತೋರಿಸುವ ಪರೀಕ್ಷೆ ಯಾವ ದವಾಖಾನೆಯಲ್ಲೂ ಇರಲಿಲ್ಲ. ಕೇಳಾಕ ನಿಮಗ ಮನಸೈತೇನು ಎಂದು ಕೂಡ್ಲಿಗಿಯಲ್ಲಿ ಒಬ್ಬಳು ಕೇಳಿದ್ದಳು. ಆ ಮಾತಿಗೆ ಹೂಂ ಅನ್ನಬಹುದಾದರೆ ಇಲ್ಲ ಅಂತಲೂ ಅನ್ನಬಹುದು, ಇನ್ನೂ ಇಲ್ಲ ಅಂತಲೂ ಅನ್ನಬಹುದು. ಇಷ್ಟು ವರ್ಷ ಅದು ತನ್ನ ಕೈಯಲ್ಲೇ ಇತ್ತೆಂಬುದು ಅವಳಿಗೆ ದೊಡ್ಡ ಸೋಜಿಗವಾಗಿ ತೋರಿತು.

ನಿದ್ದೆ ಹತ್ತಿದ ಅಫ್ರೀನ್‌ಳನ್ನು ಎತ್ತಿ ತಂದು ಎರಡು ಹಾಸಿಗೆಗಳ ನಡುವೆ ಮಲಗಿಸಿದಳು. ತನ್ನ ಮನಸ್ಸು ತಾನಾಗಿ ಹೇಳುವವರೆಗೆ ಮಗಳು ಅಲ್ಲೇ ಮಲಗುತ್ತಾಳೆ ಎಂದುಕೊಂಡಳು. ಹಿತ್ತಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಅವಳು ಹೊದಿಕೆ ಸರಿಮಾಡಿ, ರೊಟ್ಟಿ ಬಡಿಸಲು ಎದ್ದು ಹೋದಳು.